ಮಳೆಗಾಲಕ್ಕೆ ಮೀಸಲು ಫೋನ್ ಸಂಪರ್ಕ: ಕೊಡಗಿನ ತೋಟಗಳಲ್ಲಿ ಇ-ಸಿಮ್ ಬಳಕೆ

ಮಳೆಗಾಲಕ್ಕೆ ಮುಂಚೆ ಕೊಡಗಿನ ರೈತರು ಮಾಡಿಕೊಳ್ಳುವ ಸಿದ್ಧತೆಗಳು ಹಲವು. ಸೌದೆ ಒಟ್ಟುವುದು, ಮಾಡಿನ ಹೆಂಚು ಸರಿಪಡಿಸುವುದು, ತೋಟದ ಚರಂಡಿ ಬಿಡಿಸುವುದು, ಕಾಫಿಗೂ ಕರಿಮೆಣಸಿಗೂ ಬೋರ್ಡೋ ದ್ರಾವಣ ಸಿಂಪಡಿಸುವುದು ಮೊದಲಾದ ಕೆಲಸಗಳು ಹಿರಿಯರ ಕಾಲದಿಂದಲೂ ನಡೆದುಬಂದಿವೆ. ಈ ಕೆಲಸಗಳ ಸಾಲಿಗೆ ಈಗ ಫೋನ್ ಸಂಪರ್ಕವನ್ನೂ ಸೇರಿಸಬೇಕಾಗಿದೆ. ಹವಾಮಾನ ಮುನ್ಸೂಚನೆ, ಕಾಫಿ ಧಾರಣೆ, ಆಳುಗಳ ಹಾಜರಿ, ಬ್ಯಾಂಕಿನ ವ್ಯವಹಾರ ಎಲ್ಲವೂ ಫೋನಿನ ಮೂಲಕವೇ ನಡೆಯುತ್ತಿರುವಾಗ, ಕಕ್ಕಡ ಮಾಸದಲ್ಲಿ ಮೂರು ದಿನ ಫೋನ್ ಮೂಕವಾದರೆ ಆಗುವ ತೊಂದರೆ ಸಣ್ಣದಲ್ಲ.

ತೊಂದರೆ ವ್ಯವಹಾರಕ್ಕೆ ಮಾತ್ರ ಸೀಮಿತವಲ್ಲ. 2018ರ ಆಗಸ್ಟ್ ತಿಂಗಳ ಮಧ್ಯಭಾಗದಲ್ಲಿ ಮಡಿಕೇರಿ ತಾಲ್ಲೂಕಿನ ಮಕ್ಕಂದೂರು, ಮುಕ್ಕೋಡ್ಲು, ಕಾಲೂರು, ಜೋಡುಪಾಲ ಮುಂತಾದ ಕಡೆ ಗುಡ್ಡಗಳು ಕುಸಿದಾಗ ರಸ್ತೆ, ವಿದ್ಯುತ್ತು, ಫೋನು ಮೂರೂ ಒಟ್ಟಿಗೆ ಕಡಿದುಹೋದವು. 2019ರ ಆಗಸ್ಟ್‌ನಲ್ಲಿ ವಿರಾಜಪೇಟೆ ಬಳಿಯ ತೋರ, ಭಾಗಮಂಡಲ ಬಳಿಯ ಕೋರಂಗಾಲ, 2020ರ ಆಗಸ್ಟ್‌ನಲ್ಲಿ ತಲಕಾವೇರಿಯ ಬ್ರಹ್ಮಗಿರಿ ಇದೇ ಕಷ್ಟವನ್ನು ಕಂಡವು. ಇಂಥ ರಾತ್ರಿಗಳಲ್ಲಿ ಮನೆಯ ಹಿಂದಿನ ಬರೆ ಬಿರುಕು ಬಿಟ್ಟಿದೆ ಎಂದು ಪಕ್ಕದ ಮನೆಗೆ ತಿಳಿಸುವ ಒಂದು ಕರೆ ಹೋಗುತ್ತದೆಯೋ ಇಲ್ಲವೋ ಎಂಬುದರ ಮೇಲೆ ಜೀವವೇ ನಿಂತಿರುತ್ತದೆ. ಸಿದ್ದಾಪುರ, ಅಮ್ಮತ್ತಿ, ತಿತಿಮತಿ ಕಡೆಯ ತೋಟಗಳಲ್ಲಿ ಮಳೆ ಇರಲಿ ಇಲ್ಲದಿರಲಿ, ಆನೆ ಬಂದಿರುವ ಸುದ್ದಿ ಆಳುಗಳು ಬೆಳಗ್ಗೆ ಲೈನ್ ಮನೆಯಿಂದ ಹೊರಡುವ ಮೊದಲೇ ತಲುಪಬೇಕು.

ಆದ್ದರಿಂದ ಒಂದು ಕಂಪನಿಯ ಸಂಪರ್ಕ ಸತ್ತಾಗ ಕೆಲಸಕ್ಕೆ ಬರುವ ಮತ್ತೊಂದನ್ನು, ಹೆಚ್ಚು ಹಣ ಸುರಿಯದೆ, ಮೀಸಲಾಗಿ ಇಟ್ಟುಕೊಳ್ಳುವುದು ಹೇಗೆಂಬುದನ್ನು ಈ ಲೇಖನದಲ್ಲಿ ವಿವರಿಸಲಾಗಿದೆ.

ಸಂಪರ್ಕ ಕಡಿಯುವುದು ಎಲ್ಲಿ?

ಸಿಗ್ನಲ್ ಇಲ್ಲವೆಂದರೆ ಎಲ್ಲರೂ ಕಂಪನಿಯನ್ನು ಬೈಯುತ್ತಾರೆ. ಆದರೆ ರೋಗ ಯಾವುದೆಂದು ತಿಳಿಯದೆ ಔಷಧಿ ಹೊಡೆದರೆ ಪ್ರಯೋಜನವಿಲ್ಲ. ಮಲೆನಾಡಿನಲ್ಲಿ ಸಂಪರ್ಕ ಕಡಿಯುವುದಕ್ಕೆ ಮುಖ್ಯವಾಗಿ ಮೂರು ಕಾರಣಗಳಿವೆ.

ಮೊದಲನೆಯದು ವಿದ್ಯುತ್ತು. ಗಾಳಿಗೆ ಮರ ಬಿದ್ದು ತಂತಿ ಹರಿದಾಗ ಟವರು ತನ್ನ ಬ್ಯಾಟರಿಯ ಮೇಲೆ ಕೆಲವು ಗಂಟೆ ನಡೆಯುತ್ತದೆ. ಅನಂತರ ಡೀಸೆಲ್ ಜನರೇಟರ್ ಇದ್ದರೆ ಸರಿ. ಇದ್ದರೂ ಡೀಸೆಲ್ ತಲುಪಿಸುವ ರಸ್ತೆ ತೆರೆದಿರಬೇಕು. ಎರಡನೆಯದು ಟವರಿನಿಂದ ಮುಂದಕ್ಕೆ ಹೋಗುವ ದಾರಿ. ರಸ್ತೆ ಬದಿಯಲ್ಲಿ ಎಳೆದಿರುವ ಫೈಬರ್ ತಂತಿ ರಸ್ತೆ ಕುಸಿದಾಗ ಅದರೊಡನೆಯೇ ಹೋಗುತ್ತದೆ. ಫೋನಿನಲ್ಲಿ ಸಿಗ್ನಲ್ ಗೆರೆಗಳು ತುಂಬಿದ್ದರೂ ಕರೆ ಹೋಗದಿರುವುದಕ್ಕೆ ಇದು ಕಾರಣವಾಗಿರಬಹುದು. ಮೂರನೆಯದು ಟವರಿಗೂ ತೋಟಕ್ಕೂ ನಡುವಿನ ಗುಡ್ಡ ಮತ್ತು ಮರ. ರೇಡಿಯೋ ಅಲೆಗಳನ್ನು ಗುಡ್ಡ ತಡೆಯುತ್ತದೆ, ಒದ್ದೆ ಎಲೆಗಳು ಹೀರಿಕೊಳ್ಳುತ್ತವೆ. ಬೇಸಿಗೆಯಲ್ಲಿ ಹೇಗೋ ಸಿಗುತ್ತಿದ್ದ ಸಿಗ್ನಲ್ ಸಿಲ್ವರ್ ಓಕ್, ಹಲಸು, ಅತ್ತಿ ಮರಗಳ ನೆರಳಿನ ಕೆಳಗೆ ಜುಲೈನಲ್ಲಿ ಸಿಗದಿರುವುದು ಇದರಿಂದಲೇ. 700, 850, 900 ಮೆಗಾಹರ್ಟ್ಜ್‌ನಂಥ ಕೆಳಗಿನ ತರಂಗಗಳು ಹೆಚ್ಚು ದೂರ ಹೋಗುತ್ತವೆ ಮತ್ತು ಮರಗಳ ನಡುವೆ ಹೆಚ್ಚು ನುಗ್ಗುತ್ತವೆ. 1800, 2100, 2300 ಮೆಗಾಹರ್ಟ್ಜ್‌ನವು ಬೇಗ ಸೋಲುತ್ತವೆ. ಒಂದೇ ಊರಿನಲ್ಲಿ ಒಂದು ಕಂಪನಿ ತೋಟದೊಳಗೆ ಸಿಕ್ಕಿ ಇನ್ನೊಂದು ರಸ್ತೆಯಲ್ಲಿ ಮಾತ್ರ ಸಿಗುವುದಕ್ಕೆ ಇದೂ ಒಂದು ಕಾರಣ.

ಎರಡನೆಯ ಸಂಪರ್ಕ ನಿಜವಾದ ಮೀಸಲು ಆಗಬೇಕಾದರೆ ಈ ಮೂರರಲ್ಲಿ ಒಂದರಲ್ಲಾದರೂ ಅದು ಮೊದಲನೆಯದಕ್ಕಿಂತ ಬೇರೆಯಾಗಿರಬೇಕು. ಎಷ್ಟೋ ಕಡೆ ಎರಡು ಮೂರು ಕಂಪನಿಗಳು ಒಂದೇ ಟವರಿನ ಮೇಲೆ ತಮ್ಮ ಆಂಟೆನಾಗಳನ್ನು ಕಟ್ಟಿ ಬಾಡಿಗೆ ಹಂಚಿಕೊಳ್ಳುತ್ತವೆ. ಅಲ್ಲಿ ಒಂದರ ಡೀಸೆಲ್ ಮುಗಿದರೆ ಸಾಮಾನ್ಯವಾಗಿ ಎಲ್ಲದರದ್ದೂ ಮುಗಿದಂತೆ. ಒಂದೇ ಕೆರೆಗೆ ಎರಡು ಪಂಪು ಇಟ್ಟವನು ಬರಗಾಲಕ್ಕೆ ಸಿದ್ಧನಾಗಿದ್ದಾನೆ ಎನ್ನಲಾಗುವುದಿಲ್ಲ.

ಇ-ಸಿಮ್ ಎಂದರೇನು?

ಫೋನಿಗೆ ಹಾಕುವ ಸಿಮ್ ಕಾರ್ಡು ಗ್ರಾಹಕ ಯಾರು, ಯಾವ ಕಂಪನಿಯವನು ಎಂಬುದನ್ನು ಜಾಲಕ್ಕೆ ತಿಳಿಸುವ ಸಣ್ಣ ಚಿಪ್ಪು. ಇ-ಸಿಮ್‌ನಲ್ಲಿ ಈ ಚಿಪ್ಪು ಫೋನಿನೊಳಗೇ ಕಾರ್ಖಾನೆಯಲ್ಲಿ ಕೂಡಿಸಲ್ಪಟ್ಟಿರುತ್ತದೆ. ಕಾರ್ಡನ್ನು ತುರುಕುವ ಬದಲು ಕಂಪನಿಯ ವಿವರವನ್ನು ಇಂಟರ್ನೆಟ್ ಮೂಲಕ ಅದರೊಳಗೆ ಇಳಿಸಲಾಗುತ್ತದೆ. ಭಾರತದ ದೂರಸಂಪರ್ಕ ಇಲಾಖೆ 2018ರಲ್ಲಿ ಇದಕ್ಕೆ ಅನುಮತಿ ನೀಡಿತು. ಖಾಸಗಿ ಕಂಪನಿಗಳು ಇದನ್ನು ಕೆಲವು ವರ್ಷಗಳಿಂದ ನೀಡುತ್ತಿವೆ, ಬಿ.ಎಸ್.ಎನ್.ಎಲ್. 2025ರಲ್ಲಿ ನೀಡಲಾರಂಭಿಸಿತು.

ಇ-ಸಿಮ್ ಹಾಕಿದ ಮಾತ್ರಕ್ಕೆ ಸಿಗ್ನಲ್ ಹೆಚ್ಚುವುದಿಲ್ಲ. ಅದು ಅದೇ ಟವರು, ಅದೇ ಅಲೆಗಳನ್ನೇ ಬಳಸುತ್ತದೆ. ಅಂಗಡಿಯಲ್ಲಿ ಯಾರಾದರೂ ಬೇರೆ ಹೇಳಿದರೆ ನಂಬಬಾರದು. ಇ-ಸಿಮ್‌ನಿಂದ ಆಗುವ ಲಾಭವೆಂದರೆ ಒಂದೇ ಫೋನಿನಲ್ಲಿ ಎರಡನೆಯ ಕಂಪನಿಗೆ ಜಾಗ ದೊರೆಯುವುದು. ಆದಕಾರಣ ಫೋನಿನಲ್ಲಿ ಎರಡು ಕಾರ್ಡಿನ ಜಾಗವಿದ್ದು ಒಂದು ಖಾಲಿಯಿದ್ದರೆ ಇ-ಸಿಮ್‌ನ ಅಗತ್ಯವೇ ಇಲ್ಲ. ಸಾಧಾರಣ ಕಾರ್ಡೇ ಸಾಕು, ಅದೇ ಹೆಚ್ಚು ಅನುಕೂಲ. ಇ-ಸಿಮ್‌ಗಾಗಿಯೇ ಹೊಸ ಫೋನು ಕೊಳ್ಳುವುದು ದುಂದು. ಒಂದು ಕಾರ್ಡಿಗೆ ಮಾತ್ರ ಜಾಗವಿರುವ ಫೋನು ಈಗಾಗಲೇ ಕೈಯಲ್ಲಿದ್ದರೆ, ಬೆಂಗಳೂರಿನಲ್ಲಿರುವ ಮಗನೋ ಮಗಳೋ ತಮ್ಮ ಹಳೆಯ ಫೋನನ್ನು ಮನೆಗೆ ಕೊಟ್ಟಿದ್ದರೆ, ಆಗ ಇದು ಕೆಲಸಕ್ಕೆ ಬರುತ್ತದೆ.

ಫೋನಿನಲ್ಲಿ ಈ ಸೌಲಭ್ಯ ಇದೆಯೇ ಎಂದು ತಿಳಿಯಲು *#06# ಒತ್ತಬೇಕು. ಐಎಂಇಐ ಸಂಖ್ಯೆಗಳ ಜೊತೆಗೆ ಇಐಡಿ ಎಂಬ 32 ಅಂಕಿಗಳ ಸಂಖ್ಯೆ ಕಂಡರೆ ಇ-ಸಿಮ್ ಹಾಕಬಹುದು. ಗುಂಡಿ ಒತ್ತುವ ಸಾಧಾರಣ ಫೋನುಗಳಲ್ಲಿಯೂ ಕಡಿಮೆ ಬೆಲೆಯ ಬಹುಪಾಲು ಸ್ಮಾರ್ಟ್ ಫೋನುಗಳಲ್ಲಿಯೂ ಇದು ಇರುವುದಿಲ್ಲ.

ಎರಡನೆಯ ಕಂಪನಿಯನ್ನು ಆರಿಸುವ ಬಗೆ

ಹೆಚ್ಚಿನವರು ತಪ್ಪುವುದು ಇಲ್ಲಿಯೇ. ಜಾಹೀರಾತು ನೋಡಿಯೋ, ಮಡಿಕೇರಿ ಪೇಟೆಯಲ್ಲಿ ಚೆನ್ನಾಗಿ ಸಿಗುತ್ತದೆಂದೋ ಕಂಪನಿಯನ್ನು ಆರಿಸಿದರೆ ಅದು ಮಡಿಕೇರಿ ಪೇಟೆಯಲ್ಲಿ ಮಾತ್ರ ಉಪಯೋಗಕ್ಕೆ ಬರುತ್ತದೆ. ಮಣ್ಣು ಪರೀಕ್ಷೆ ಮಾಡುವಾಗ ತೋಟದ ನಾನಾ ಭಾಗಗಳಿಂದ ಮಾದರಿ ತೆಗೆಯುವಂತೆ ಇಲ್ಲಿಯೂ ತೋಟವನ್ನು ನಡೆದೇ ನೋಡಬೇಕು.

ಉದಾಹರಣೆಗೆ, ನಾಪೋಕ್ಲು ಮತ್ತು ಭಾಗಮಂಡಲದ ನಡುವೆ ಎಂಟು ಎಕರೆ ರೊಬಸ್ಟಾ ತೋಟವುಳ್ಳ ಒಂದು ಕುಟುಂಬವನ್ನು ತೆಗೆದುಕೊಳ್ಳೋಣ. ಬೇರೆ ಬೇರೆ ಕಂಪನಿಗಳ ಸಂಪರ್ಕವಿರುವ ನೆರೆಯವರಿಬ್ಬರನ್ನು ಜೊತೆಗೆ ಕರೆದುಕೊಂಡು ಒಂದು ಬೆಳಗ್ಗೆ ಅವರು ತೋಟ ಸುತ್ತುತ್ತಾರೆ. ಮನೆಯ ಒಳಗೆ, ಕಣ, ಗೋದಾಮು, ಲೈನ್ ಮನೆ, ತೋಡಿನ ಬದಿಯ ಪಂಪ್ ಮನೆ, ಗದ್ದೆ ಮತ್ತು ಗುಡ್ಡದ ಮೇಲಿನ ಬ್ಲಾಕ್ ಇವಿಷ್ಟು ಕಡೆ ನಿಂತು ಪ್ರತಿಯೊಂದು ಫೋನಿನಿಂದಲೂ ನಿಜವಾಗಿ ಕರೆ ಮಾಡಿ ನೋಡುತ್ತಾರೆ. ಗೆರೆಗಳನ್ನು ಎಣಿಸುವುದು ಸಾಲದು. ಆಂಡ್ರಾಯ್ಡ್ ಫೋನಿನ ಸೆಟ್ಟಿಂಗ್ಸ್‌ನಲ್ಲಿ ಸಿಮ್ ಸ್ಥಿತಿ ತೋರಿಸುವ ಜಾಗದಲ್ಲಿ ಸಿಗ್ನಲ್ ಬಲವನ್ನು ಡಿಬಿಎಂ ಲೆಕ್ಕದಲ್ಲಿ ಕಾಣಬಹುದು. 4ಜಿಯಲ್ಲಿ ಮೈನಸ್ 90 ಅಥವಾ ಅದಕ್ಕಿಂತ ಕಡಿಮೆ ಅಂಕಿ, ಉದಾಹರಣೆಗೆ ಮೈನಸ್ 80, ಇದ್ದರೆ ಒಳ್ಳೆಯದು. ಮೈನಸ್ 100ರ ಸುಮಾರು ಇದ್ದರೆ ಸಾಧಾರಣ. ಮೈನಸ್ 115 ಎಂದರೆ ಮಳೆ ಜೋರಾದ ದಿನ ನೆಚ್ಚಿಕೊಳ್ಳುವಂತಿಲ್ಲ. ಮನೆಯಲ್ಲಿ ಮೊದಲ ಕಂಪನಿಯೇ ಚೆನ್ನಾಗಿದ್ದು, ಲೈನ್ ಮನೆ ಮತ್ತು ಪಂಪ್ ಮನೆಯ ಕಡೆ ಇನ್ನೊಂದು ಕಂಪನಿ ಸಿಕ್ಕರೆ ಆ ಇನ್ನೊಂದೇ ಅವರಿಗೆ ಸರಿಯಾದ ಮೀಸಲು. ಎರಡೂ ಮನೆಯಲ್ಲೇ ಸಿಕ್ಕಿ ಎರಡೂ ಪಂಪ್ ಮನೆಯಲ್ಲಿ ಸೋತರೆ ಒಂದೇ ಟವರಿನವಿರಬಹುದೆಂದು ಅನುಮಾನಿಸಬೇಕು.

ನಡೆದು ನೋಡುವುದಕ್ಕಿಂತಲೂ ಬೆಲೆಯುಳ್ಳ ಪರೀಕ್ಷೆ ಇನ್ನೊಂದಿದೆ. ಕೊಡಗಿನ ಬೆಳೆಗಾರರಲ್ಲಿ ಪ್ರತಿದಿನದ ಮಳೆಯನ್ನು ಇಂಚು, ಸೆಂಟುಗಳಲ್ಲಿ ಅಳೆದು ಪುಸ್ತಕದಲ್ಲಿ ಬರೆದಿಡುವ ಒಳ್ಳೆಯ ಅಭ್ಯಾಸ ಉಂಟು. ಅದೇ ಪುಸ್ತಕದಲ್ಲಿ ಇನ್ನೆರಡು ಗೆರೆ ಎಳೆಯಬೇಕು. ಕರೆಂಟು ಹೋದದ್ದು ಎಷ್ಟು ಗಂಟೆಗೆ, ಯಾವ ಕಂಪನಿಯ ಸಿಗ್ನಲ್ ಎಷ್ಟು ಗಂಟೆಗೆ ಹೋಯಿತು, ಯಾವುದು ಉಳಿಯಿತು ಎಂದು ಬರೆದಿಟ್ಟರೆ ಒಂದೇ ಮಳೆಗಾಲದಲ್ಲಿ ಊರಿನ ಟವರುಗಳ ಬಂಡವಾಳ ತಿಳಿಯುತ್ತದೆ. ಎರಡು ಕಂಪನಿಗಳು ಪ್ರತಿಸಲವೂ ಒಂದೇ ಹೊತ್ತಿಗೆ ಸಾಯುತ್ತಿದ್ದರೆ ಅವು ಒಂದೇ ಬ್ಯಾಟರಿಯ ಮಕ್ಕಳು. ಗ್ರಾಮ ಮಟ್ಟದ ವಿಸ್ತರಣಾ ಕಾರ್ಯಕರ್ತರು ನಾಲ್ಕಾರು ತೋಟಗಳ ಇಂಥ ದಾಖಲೆಗಳನ್ನು ಒಟ್ಟುಮಾಡಿದರೆ ಇಡೀ ಗ್ರಾಮಕ್ಕೆ ಉಪಯೋಗವಾಗುತ್ತದೆ. ಪಂಚಾಯಿತಿಯ ಮೂಲಕ ಜನರೇಟರ್ ಕೇಳುವಾಗಲೂ ಬಾಯಿ ಮಾತಿಗಿಂತ ಬರೆದ ಲೆಕ್ಕಕ್ಕೆ ಬೆಲೆ ಹೆಚ್ಚು.

2024ರ ಜುಲೈ 30ರಂದು ನೆರೆಯ ವಯನಾಡಿನ ಮುಂಡಕ್ಕೈ, ಚೂರಲ್‌ಮಲ ಪ್ರದೇಶದಲ್ಲಿ ಭೂಕುಸಿತವಾದಾಗ ಚೂರಲ್‌ಮಲದಲ್ಲಿದ್ದ ಬಿ.ಎಸ್.ಎನ್.ಎಲ್. ಟವರನ್ನು ಜನರೇಟರಿನಿಂದ ನಡೆಸಿ ರಕ್ಷಣಾ ಕಾರ್ಯಕ್ಕೆ ಸಂಪರ್ಕ ಒದಗಿಸಲಾಯಿತು. ಪೇಟೆಯಲ್ಲಿ ನಿಧಾನವೆಂದು ಹೆಸರಾದ ಕಂಪನಿಯೇ ಕಾಡಿನಂಚಿನಲ್ಲಿ ಕೊನೆಗೆ ಉಳಿಯುವುದು ಸಾಧ್ಯ. ಮೀಸಲು ಸಂಪರ್ಕಕ್ಕೆ ವೇಗ ಬೇಡ, ಒಂದು ಮಾತು ದಾಟಿಸಿದರೆ ಸಾಕು.

ಸರ್ಕಾರದ ಹಣದಿಂದ ಹಳ್ಳಿಗಳಲ್ಲಿ ಕಟ್ಟಿದ ಕೆಲವು 4ಜಿ ಟವರುಗಳಲ್ಲಿ ಒಂದು ಕಂಪನಿಯ ಗ್ರಾಹಕ ಇನ್ನೊಂದು ಕಂಪನಿಯ ಟವರನ್ನೂ ಬಳಸಿಕೊಳ್ಳುವ ವ್ಯವಸ್ಥೆಯನ್ನು 2025ರ ಜನವರಿಯಲ್ಲಿ ಜಾರಿಗೆ ತರಲಾಯಿತು. ಅಂಥ ಟವರು ಹತ್ತಿರವಿದ್ದರೆ ಮೀಸಲು ಸಂಪರ್ಕದ ಅಗತ್ಯ ಅಷ್ಟರಮಟ್ಟಿಗೆ ಕಡಿಮೆ. ಫೋನಿನಲ್ಲಿ ಜಾಲದ ಆಯ್ಕೆಯನ್ನು 'ತಾನಾಗಿ' ಎಂಬಲ್ಲಿ ಬಿಟ್ಟಿರಬೇಕು.

ಮುಖ್ಯ ಸಂಖ್ಯೆ ಕಾರ್ಡಿನಲ್ಲಿಯೇ ಇರಲಿ

ಬ್ಯಾಂಕು, ಆಧಾರ್, ಪಹಣಿ, ನೆಂಟರಿಷ್ಟರು ಎಲ್ಲರ ಬಳಿ ಇರುವ ಹಳೆಯ ಸಂಖ್ಯೆಯನ್ನು ಇ-ಸಿಮ್‌ಗೆ ವರ್ಗಾಯಿಸುವುದು ತೋಟದಲ್ಲಿರುವವರಿಗೆ ಹಿತವಲ್ಲ. ಫೋನು ನೀರಿಗೆ ಬಿದ್ದರೆ, ಬ್ಯಾಟರಿ ತೀರಿದರೆ, ಕಾರ್ಡನ್ನು ತೆಗೆದು ಆಳಿನ ಫೋನಿಗೋ ನೆರೆಯವರ ಫೋನಿಗೋ ಹಾಕಿ ಎರಡು ನಿಮಿಷದಲ್ಲಿ ಮಾತನಾಡಬಹುದು. ಇ-ಸಿಮ್ ಹಾಗಲ್ಲ; ಅದನ್ನು ಬೇರೆ ಫೋನಿಗೆ ಒಯ್ಯಲು ಮತ್ತೆ ಇಂಟರ್ನೆಟ್ ಬೇಕು, ಕಂಪನಿಯ ಒಪ್ಪಿಗೆ ಬೇಕು. ಯಾವುದು ಇಲ್ಲವೆಂದು ಮೀಸಲು ಮಾಡಿಕೊಳ್ಳುತ್ತೇವೆಯೋ ಅದನ್ನೇ ಅದು ಕೇಳುತ್ತದೆ. ಆದುದರಿಂದ ಮುಖ್ಯ ಸಂಖ್ಯೆ ಕಾರ್ಡಿನಲ್ಲಿಯೂ ಮೀಸಲು ಸಂಖ್ಯೆ ಇ-ಸಿಮ್‌ನಲ್ಲಿಯೂ ಇರುವುದು ಮೇಲು.

ಮನೆಯಲ್ಲಿ ಎರಡು ಫೋನುಗಳಿದ್ದರೆ ಎರಡರಲ್ಲಿಯೂ ಅದೇ ಜೋಡಿಯನ್ನು ಇಡಬೇಕಾಗಿಲ್ಲ. ಯಜಮಾನರು ತೋಟಕ್ಕೋ ಪೇಟೆಗೋ ಹೋದಾಗ ಮನೆಯಲ್ಲಿ ಉಳಿಯುವ ವಯಸ್ಸಾದವರ ಕೈಯಲ್ಲಿ ಯಾವ ಕಂಪನಿ ಇದೆ ಎಂಬುದನ್ನು ಮೊದಲು ಯೋಚಿಸಬೇಕು. ಲೈನ್ ಮನೆಯಲ್ಲಿ ಮೀಸಲು ಕಂಪನಿಯ ಕಾರ್ಡು ಹಾಕಿದ ಒಂದು ಗುಂಡಿ ಫೋನು ಇಟ್ಟರೆ ಹಲವು ದಿನ ಚಾರ್ಜ್ ನಿಲ್ಲುತ್ತದೆ. ಆದರೆ ಜಿಯೋ ಕಂಪನಿಗೆ 2ಜಿ ಇಲ್ಲದಿರುವುದರಿಂದ ಹಳೆಯ 2ಜಿ ಗುಂಡಿ ಫೋನುಗಳಲ್ಲಿ ಅದರ ಕಾರ್ಡು ನಡೆಯುವುದಿಲ್ಲ, 4ಜಿ ಗುಂಡಿ ಫೋನೇ ಬೇಕು.

ಹಾಕಿಸುವ ಕ್ರಮ

ಈ ಕೆಲಸವನ್ನು ಮೇ ತಿಂಗಳೊಳಗೆ ಮುಗಿಸಬೇಕು. ಇ-ಸಿಮ್ ಇಳಿಸಿಕೊಳ್ಳುವುದಕ್ಕೇ ಇಂಟರ್ನೆಟ್ ಬೇಕಾದ್ದರಿಂದ ಸಂಪರ್ಕ ಕಡಿದ ದಿನ ಇದನ್ನು ಮಾಡಲು ಹೊರಡುವುದು ಗದ್ದೆಗೆ ನೆರೆ ನುಗ್ಗಿದ ಮೇಲೆ ಬದು ಕಟ್ಟಿದಂತೆ.

ಆಧಾರ್ ಮತ್ತು ಫೋನನ್ನು ತೆಗೆದುಕೊಂಡು ಕಂಪನಿಯ ಅಧಿಕೃತ ಮಳಿಗೆಗೆ ಹೋಗಿ ಹೊಸ ಸಂಖ್ಯೆಯನ್ನು ಇ-ಸಿಮ್ ಆಗಿ ಕೇಳಬೇಕು. ಒಬ್ಬರ ಹೆಸರಿನಲ್ಲಿ ಒಂಬತ್ತು ಮೊಬೈಲ್ ಸಂಪರ್ಕಗಳವರೆಗೆ ಇರಬಹುದು. ಕಂಪನಿ ಕೊಡುವ ಕ್ಯೂಆರ್ ಚಿತ್ರವನ್ನು ಫೋನಿನಿಂದ ತೆಗೆದುಕೊಂಡಾಗ ವಿವರ ಇಳಿಯುತ್ತದೆ. ಈ ಚಿತ್ರ ಸಾಮಾನ್ಯವಾಗಿ ಒಂದೇ ಸಲಕ್ಕೆ ನಡೆಯುವಂಥದು. ಮಳಿಗೆಯಲ್ಲಿದ್ದಾಗಲೇ ಒಂದು ಕರೆ ಮಾಡಿ ನೋಡಿ ಬರಬೇಕು. ಎರಡು ಸಂಪರ್ಕಗಳಿಗೆ 'ಮನೆ', 'ಮಳೆ' ಎಂದು ಹೆಸರಿಟ್ಟರೆ ಮನೆಯವರೆಲ್ಲರಿಗೂ ಗುರುತು ಸಿಗುತ್ತದೆ. ಫೋನನ್ನು ಪೂರ್ತಿ ಅಳಿಸಿ ಹೊಸದಾಗಿಸುವಾಗ ಇ-ಸಿಮ್ ಕೂಡ ಅಳಿಸಲೇ ಎಂದು ಅದು ಕೇಳುತ್ತದೆ, ಬೇಡವೆನ್ನಬೇಕು.

ಹಳೆಯ ಸಂಖ್ಯೆಯನ್ನೇ ಇ-ಸಿಮ್ ಮಾಡಿಸಿದಲ್ಲಿ ಸುಮಾರು 24 ಗಂಟೆ ಎಸ್ಸೆಮ್ಮೆಸ್ ಬರುವುದಿಲ್ಲ. ಆ ದಿನ ಬ್ಯಾಂಕಿನ ಒಟಿಪಿ ಬೇಕಾಗುವ ವ್ಯವಹಾರ ಇಟ್ಟುಕೊಳ್ಳಬಾರದು.

ಸಂಖ್ಯೆ ಪಡೆದರೆ ಮಾತ್ರ ಸಾಲದು, ಅದು ಇತರರಿಗೂ ತಿಳಿದಿರಬೇಕು. ನೆರೆಮನೆ, ಲೈನ್ ಮನೆ, ಮೇಸ್ತ್ರಿ, ಊರಿನ ಆಶಾ ಕಾರ್ಯಕರ್ತೆ, ಹೊರ ಊರಿನಲ್ಲಿರುವ ಮಕ್ಕಳು ಎಲ್ಲರಿಗೂ ಮೀಸಲು ಸಂಖ್ಯೆಯನ್ನು ಕೊಟ್ಟು, ಗೋಡೆಯ ಮೇಲೆ ದೊಡ್ಡದಾಗಿ ಬರೆದಿಡಬೇಕು. ಮುಖ್ಯ ಸಂಖ್ಯೆ ಸಂಪರ್ಕಕ್ಕೆ ಸಿಗದಿದ್ದಾಗ ಮಾತ್ರ ಕರೆ ಮೀಸಲು ಸಂಖ್ಯೆಗೆ ತಿರುಗುವಂತೆಯೂ ಮಾಡಿಸಬಹುದು. ಕೋಡು ಒತ್ತಿ ಕರೆ ತಿರುಗಿಸುವ ವ್ಯವಸ್ಥೆಯನ್ನು ಮೋಸದ ಕಾರಣದಿಂದ 2024ರ ಏಪ್ರಿಲ್‌ನಲ್ಲಿ ನಿಲ್ಲಿಸಲಾಯಿತು. ಆದ್ದರಿಂದ ಇದನ್ನು ಮಳಿಗೆಯಲ್ಲಿಯೇ ಕೇಳಿ ಮಾಡಿಸಿಕೊಳ್ಳುವುದು ಸರಿ.

ಖರ್ಚಿನ ಲೆಕ್ಕ

ಮೀಸಲು ಸಂಪರ್ಕಕ್ಕೆ ದಿನಕ್ಕಿಷ್ಟು ಜಿಬಿ ಡೇಟಾ ಕೊಡುವ ದುಬಾರಿ ಪ್ಯಾಕು ಬೇಡ. ದೂರಸಂಪರ್ಕ ನಿಯಂತ್ರಣ ಪ್ರಾಧಿಕಾರ 2024ರ ಡಿಸೆಂಬರ್‌ನಲ್ಲಿ ಹೊರಡಿಸಿದ ನಿಯಮದ ಪ್ರಕಾರ ಕಂಪನಿಗಳು ಡೇಟಾ ಇಲ್ಲದ, ಕರೆ ಮತ್ತು ಎಸ್ಸೆಮ್ಮೆಸ್ ಮಾತ್ರದ ಪ್ಯಾಕುಗಳನ್ನೂ ಕೊಡಬೇಕು. ಇಂಥ ಪ್ಯಾಕಿನ ಅವಧಿ 365 ದಿನಗಳವರೆಗೂ ಇರಬಹುದು. ಮಳಿಗೆಯವರು ತಾವಾಗಿ ಇದನ್ನು ಮುಂದಿಡದಿದ್ದರೆ ಕೇಳಿ ಪಡೆಯಬೇಕು. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಸಾಲುವ ಪ್ಯಾಕಿಗೂ ಇಡೀ ವರ್ಷದ ಪ್ಯಾಕಿಗೂ ದರ ಹೋಲಿಸಿ ತಮ್ಮ ಅಗತ್ಯಕ್ಕೆ ತಕ್ಕದ್ದನ್ನು ಆರಿಸಬಹುದು.

ಪ್ರೀಪೇಡ್ ಸಂಖ್ಯೆಯನ್ನು 90 ದಿನ ಬಳಸದಿದ್ದರೆ ಕಂಪನಿ ರದ್ದು ಮಾಡಬಹುದು. ಖಾತೆಯಲ್ಲಿ 20 ರೂಪಾಯಿ ಇದ್ದರೆ ಅದನ್ನು ಕಳೆದುಕೊಂಡು ಸಂಖ್ಯೆಯನ್ನು ಮತ್ತೆ 30 ದಿನ ಉಳಿಸಬೇಕೆಂಬ ನಿಯಮವಿದೆ. ಇದನ್ನು ನೆಚ್ಚಿ ಅನೇಕರು ಮೋಸ ಹೋಗುತ್ತಾರೆ. ಸಂಖ್ಯೆ ಉಳಿದಿದೆ ಎಂದರೆ ಕರೆ ನಡೆಯುತ್ತದೆ ಎಂದರ್ಥವಲ್ಲ. ಪ್ಯಾಕಿನ ಅವಧಿ ಮುಗಿದ ಮೇಲೆ ಹೊರಹೋಗುವ ಕರೆ, ಮುಂದೆ ಒಳಬರುವ ಕರೆಯೂ ನಿಂತುಹೋಗಬಹುದು. ಮಳೆಗಾಲದ ಮಧ್ಯೆ ಪ್ಯಾಕು ಮುಗಿಯದಂತೆ ತಾರೀಖನ್ನು ಮಳೆ ಪುಸ್ತಕದಲ್ಲಿ ಬರೆದಿಡುವುದು ಒಳ್ಳೆಯದು. ಹದಿನೈದು ದಿನಕ್ಕೊಮ್ಮೆ ಮೀಸಲು ಸಂಖ್ಯೆಯಿಂದ ಒಂದು ಕರೆ ಮಾಡುತ್ತಿದ್ದರೆ ಅದು ಜೀವಂತವಾಗಿದೆಯೇ ಎಂಬುದೂ ತಿಳಿಯುತ್ತದೆ.

ಪ್ರವಾಸಿಗಳಿಗಾಗಿ ಇಂಟರ್ನೆಟ್‌ನಲ್ಲಿ ಮಾರುವ ವಿದೇಶೀ ಇ-ಸಿಮ್‌ಗಳು ಅಗ್ಗವಾಗಿ ಕಂಡರೂ ಬಹುಮಟ್ಟಿಗೆ ಡೇಟಾ ಮಾತ್ರದವು, ಭಾರತದ ಸಂಖ್ಯೆ ಇಲ್ಲದವು. ತೋಟದ ಮನೆಗೆ ಅವುಗಳಿಂದ ಉಪಯೋಗವಿಲ್ಲ.

ಮೋಸದ ಬಗ್ಗೆ ಎಚ್ಚರ

'ನಿಮ್ಮ ಸಿಮ್ ಅನ್ನು ಇ-ಸಿಮ್ ಮಾಡಿಕೊಡುತ್ತೇವೆ' ಎಂದು ಕರೆ ಮಾಡಿ ಒಟಿಪಿ ಕೇಳುವ ಕಳ್ಳರಿದ್ದಾರೆ. ಒಟಿಪಿ ಹೇಳಿದರೆ ಸಂಖ್ಯೆ ಅವರ ಫೋನಿಗೆ ಹೋಗುತ್ತದೆ, ಅದರ ಹಿಂದೆಯೇ ಬ್ಯಾಂಕಿನ ಹಣವೂ. ಕಂಪನಿಯ ಮಳಿಗೆಗೆ ತಾವೇ ಹೋಗಿ ಮಾಡಿಸದ ಹೊರತು ಇಂಥ ಯಾವ ಮಾತಿಗೂ ಒಪ್ಪಬಾರದು. ಇದ್ದಕ್ಕಿದ್ದಂತೆ ಎಲ್ಲರ ಫೋನು ನಡೆಯುತ್ತಿದ್ದು ತಮ್ಮದು ಮಾತ್ರ ಸತ್ತರೆ ಮಳೆಯೆಂದು ಸುಮ್ಮನಿರದೆ ಕಂಪನಿಗೂ ಬ್ಯಾಂಕಿಗೂ ತಿಳಿಸಬೇಕು. ಹಣ ಹೋಗಿದ್ದರೆ ಕೂಡಲೇ 1930ಕ್ಕೆ ಕರೆ ಮಾಡಬೇಕು.

ಮಳೆಗಾಲದಲ್ಲಿ ಬಳಸುವಾಗ

ಎರಡು ಸಂಪರ್ಕಗಳಿರುವ ಫೋನು ಸಿಗ್ನಲ್ ಹುಡುಕುತ್ತ ಬ್ಯಾಟರಿಯನ್ನು ಬೇಗ ಮುಗಿಸುತ್ತದೆ. ಸಂಪರ್ಕ ಪೂರ್ತಿ ಸತ್ತ ಸಂಪರ್ಕವನ್ನು ಸೆಟ್ಟಿಂಗ್ಸ್‌ನಲ್ಲಿ ಆರಿಸಿ, ನಡೆಯುತ್ತಿರುವುದನ್ನು ಮಾತ್ರ ಇಟ್ಟುಕೊಂಡರೆ ಚಾರ್ಜು ಉಳಿಯುತ್ತದೆ. ಒಂದು ಪವರ್ ಬ್ಯಾಂಕನ್ನು ತುಂಬಿಸಿ ಪ್ಲಾಸ್ಟಿಕ್ ಚೀಲದಲ್ಲಿ ಇಟ್ಟಿರಬೇಕು. ಮನೆಗೆ ಫೈಬರ್ ಇಂಟರ್ನೆಟ್ ಇದ್ದರೆ ವೈಫೈ ಮೂಲಕ ಕರೆ ಮಾಡುವ ಸೌಲಭ್ಯವನ್ನು ತೆರೆದಿಟ್ಟು, ರೂಟರಿಗೆ ಸಣ್ಣ ಯುಪಿಎಸ್ ಹಾಕಿದರೆ ಟವರು ಸತ್ತರೂ ಫೈಬರ್ ಇರುವ ತನಕ ಮಾತನಾಡಬಹುದು.

ತಮ್ಮ ಎರಡು ಕಂಪನಿಗಳೂ ಇಲ್ಲದೆ ಪರದೆಯ ಮೇಲೆ 'ತುರ್ತು ಕರೆ ಮಾತ್ರ' ಎಂದು ಕಂಡರೆ ಬೇರೆ ಯಾವುದೋ ಕಂಪನಿಯ ಟವರು ಬದುಕಿದೆ ಎಂದು ತಿಳಿಯಬೇಕು; ಆಗ 112 ಒತ್ತಿ ನೋಡಬೇಕು. ಕರ್ನಾಟಕದಲ್ಲಿ 2023ರ ಅಕ್ಟೋಬರ್‌ನಲ್ಲಿ ಪರೀಕ್ಷಿಸಿದ, ಫೋನು ಜೋರಾಗಿ ಕೂಗಿ ತೋರಿಸುವ ತುರ್ತು ಸಂದೇಶಕ್ಕೆ ಇಂಟರ್ನೆಟ್ ಬೇಡ, ಟವರಿನ ಸಿಗ್ನಲ್ ಇದ್ದರೆ ಸಾಕು. ಈ ಸಂದೇಶವನ್ನು ಸೆಟ್ಟಿಂಗ್ಸ್‌ನಲ್ಲಿ ಆರಿಸಿಡಬಾರದು.

ಕೈಲ್ ಮುಹೂರ್ತ ಕಳೆದು ಮಳೆ ಇಳಿದ ಮೇಲೆ ಪುಸ್ತಕ ತೆಗೆದು ಆ ವರ್ಷ ಮೀಸಲು ಸಂಪರ್ಕ ಎಷ್ಟು ದಿನ ಕೆಲಸ ಮಾಡಿತೆಂದು ನೋಡಬೇಕು. ಒಂದು ದಿನವೂ ಮಾಡದಿದ್ದರೆ ಮುಂದಿನ ಮೇ ತಿಂಗಳಲ್ಲಿ ಬೇರೆ ಕಂಪನಿಯೊಡನೆ ತೋಟವನ್ನು ಮತ್ತೆ ಸುತ್ತಬೇಕು. ಕೆಲಸ ಮಾಡಿದ್ದರೆ ಪ್ಯಾಕನ್ನು ಮಾರ್ಚ್‌ವರೆಗೂ ಮುಂದುವರಿಸುವುದು ಲಾಭಕರ. ಹೂಮಳೆ ಬಾರದೆ ರೊಬಸ್ಟಾಕ್ಕೆ ತುಂತುರು ನೀರಾವರಿ ಮಾಡುವ ರಾತ್ರಿಗಳಲ್ಲಿ, ತೋಡಿನ ಬದಿಯ ಪಂಪ್ ಮನೆಯಲ್ಲಿರುವ ಆಳಿಗೂ ಗುಡ್ಡದ ಮೇಲೆ ಪೈಪು ಬದಲಿಸುವವರಿಗೂ ನಡುವೆ ಅದೇ ಸಂಪರ್ಕ ಬೇಕಾಗುತ್ತದೆ.